ಹನ್ನೊಂದು ಫೋನುಗಳ ತರಬೇತಿ

"ಏಳನೇದು ಆರಿಹೋಗ್ತಿದೆ ನೋಡೇ, ಕತ್ತೆ ಮುಂಡೇದೆ, ಏಳನೇದು ಒತ್ತು," ಎಂದು ಗಣಿತದ ಮೇಷ್ಟ್ರು ಬಾಗಿಲಲ್ಲೇ ನಿಂತು ಕೂಗಿದರು. ಒಳಗೆ ಬರಲಿಲ್ಲ. ಸಾಮಾನಿನ ಕೋಣೆಯ ಧೂಳು ಅವರ ಮೂಗಿಗೆ ಆಗುತ್ತಿರಲಿಲ್ಲ.

ಶಾಲೆಯ ಕಸ ಗುಡಿಸುವ ಆಯಮ್ಮ ಮಂಡಿಯೂರಿದ್ದಲ್ಲಿಂದಲೇ ಕೈ ಚಾಚಿದಳು. ನೆಲದ ಮೇಲೆ ಹನ್ನೊಂದು ಫೋನುಗಳು ಹೆರಿಗೆ ವಾರ್ಡಿನ ಕೂಸುಗಳ ಹಾಗೆ ಸಾಲಾಗಿ ಮಲಗಿದ್ದವು. ತರಗತಿಯಲ್ಲಿ ತಂತ್ರಜ್ಞಾನವನ್ನು ಬಳಸುವುದು ಹೇಗೆಂದು ಹನ್ನೊಂದರಲ್ಲೂ ಒಬ್ಬಳೇ ಹೆಂಗಸು, ಅರ್ಧರ್ಧ ಮಾತು ಹಿಂದೆಮುಂದಾಗಿ, ಬೋಧಿಸುತ್ತಿದ್ದಳು. ಐದು ನಿಮಿಷಕ್ಕೊಮ್ಮೆ ಪರದೆಯ ಮೇಲೆ ಒಂದು ಹಸಿರು ಗುಂಡಿ ಮೂಡುತ್ತಿತ್ತು: ‘ನಾನು ಇಲ್ಲೇ ಇದ್ದೇನೆ.’ ಒತ್ತದಿದ್ದರೆ ಪಾಠ ಮತ್ತೆ ಮೊದಲಿನಿಂದ. ಹೆಡ್ಮಾಸ್ಟರೂ ಸೇರಿ ಶಾಲೆಯ ಹನ್ನೊಂದು ಮಂದಿ ಶಿಕ್ಷಕರಲ್ಲಿ ಯಾರೂ ಫೋನಿನ ಮುಂದೆ ಇರಲಿಲ್ಲ. ಅವರೆಲ್ಲರ ಪರವಾಗಿ ಆಯಮ್ಮ ಇದ್ದಳು.

ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದ ವಾರವೇ ಒಂದು ಸುತ್ತೋಲೆಯೂ ಬಂದಿತ್ತು. ಸೀಮೆಸುಣ್ಣ ಬಳಸದ ಶಾಲೆಯಲ್ಲಿ ಧೂಳು ಏಳುವುದಿಲ್ಲವಾದ್ದರಿಂದ ಆಯಾಗೆ ಇನ್ನು ಮುಂದೆ ಅರ್ಧ ದಿನದ ಕೆಲಸ ಸಾಕು. ಮುನ್ನೂರು ಮಕ್ಕಳ ಕಾಲಿನ ಮಣ್ಣು, ಆರು ಕಕ್ಕಸು, ವಾಂತಿ ಮಾಡುವ ಒಂದನೇ ಕ್ಲಾಸು, ಇವು ಬರೆದವರಿಗೆ ಗೊತ್ತಿದ್ದಂತಿರಲಿಲ್ಲ. ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೂ ಒಂದು ವರ್ಷವಿದೆ, ಅರ್ಧ ಸಂಬಳದಲ್ಲಿ ಹಾಸ್ಟೆಲಿನಿಂದ ಅವಳನ್ನು ಬಿಡಿಸಿಕೊಂಡು ಬರಬೇಕಾಗುತ್ತದೆ ಎಂದು ಆಯಮ್ಮ ಹೆಡ್ಮಾಸ್ಟರ ಮುಂದೆ ಅತ್ತಳು. ಅವರು ಹೊಟ್ಟೆ ನೀವಿಕೊಂಡು ಯೋಚಿಸಿದರು. ಹನ್ನೊಂದೂ ಮಂದಿಗೆ ತರಬೇತಿಯ ಪ್ರಮಾಣಪತ್ರ ಬಂದರೆ, ಪೂರ್ತಿ ದಿನಕ್ಕೆ ಇಟ್ಟುಕೊಳ್ಳಲು ಪತ್ರ ಕೊಡುವುದಾಗಿ ಹೇಳಿದರು. ಬರೀ ಬೆರಳಿನ ಕೆಲಸ ಎಂದರು.

ಪ್ರತಿ ಪಾಠದ ಕೊನೆಗೆ ಹತ್ತು ಪ್ರಶ್ನೆಗಳಿರುವುದನ್ನು ಅವರು ಹೇಳಿರಲಿಲ್ಲ. ಮೊದಲ ಸಲ ಆಯಮ್ಮ ಕಣ್ಣಿಗೆ ಬಿದ್ದದ್ದನ್ನು ಒತ್ತಿ ಗಣಿತದ ಮೇಷ್ಟ್ರಿಗೆ ಎರಡು ಅಂಕ ತಂದಳು. ಅವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅವಳನ್ನು ನಿಲ್ಲಿಸಿಕೊಂಡರು.

"ಹುಟ್ಟಿದಾಗಿಂದ ಫೇಲಾದೋನಲ್ಲ ನಾನು. ನನ್ನ ಮಾನ ತೆಗೆದ್ಯಲ್ಲೇ, ದರಿದ್ರದೋಳೆ."

ಅಂದಿನಿಂದ ಆಯಮ್ಮ ಕಿವಿಗೊಟ್ಟು ಕೇಳಿದಳು. ಓದಿದ್ದು ಏಳನೇ ಕ್ಲಾಸಾದರೂ, ಒಂದೇ ಪಾಠವನ್ನು ಹನ್ನೊಂದು ಬಾಯಲ್ಲಿ ಕೇಳಿದರೆ ತಲೆಗೆ ಹತ್ತದೆ ಇರುವುದು ಕಷ್ಟ. ಮುಂದಿನ ವಾರ ಮೇಷ್ಟ್ರಿಗೆ ಎಂಟು ಬಂತು. ಡ್ರಾಯಿಂಗ್ ಟೀಚರಿಗೆ ಹತ್ತಕ್ಕೆ ಹತ್ತು ಬಂದಿದ್ದು ತಿಳಿದು, ಆಯಾ ಪಕ್ಷಪಾತ ಮಾಡುತ್ತಾಳೆಂದು ಮೇಷ್ಟ್ರು ಹೆಡ್ಮಾಸ್ಟರಿಗೆ ದೂರು ಕೊಟ್ಟರು.

ಪ್ರಮಾಣಪತ್ರಗಳು ಬಂದವು. ಗೋಡೆಗೆ ಹನ್ನೊಂದು ಮೊಳೆ ಹೊಡೆದವಳೂ ಆಯಮ್ಮನೇ. ಪೂರ್ತಿ ದಿನದ ಪತ್ರದ ಮಾತೆತ್ತಿದರೆ ಹೆಡ್ಮಾಸ್ಟರು, ಶಿಕ್ಷಣ ಇಲಾಖೆಯ ಸಾಹೇಬರು ಪರಿಶೀಲನೆಗೆ ಬಂದು ಹೋಗಲಿ ಎನ್ನುತ್ತಿದ್ದರು.

ಸಾಹೇಬರು ಬಂದು ಐದನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತರು. ಗಣಿತದ ಮೇಷ್ಟ್ರು ಮಾರ್ಕರ್ ಪೆನ್ನು ತೆಗೆದು, ಹೊಳೆಯುವ ಪರದೆಯ ಮೇಲೆಯೇ ಕಪ್ಪು ಮಸಿಯಲ್ಲಿ ಒಂದು ತ್ರಿಕೋನ ಬರೆದರು. ಅಳಿಸಲು ಗುಂಡಿ ಒತ್ತಿದರು. ಮಸಿಯ ಹಿಂದೆ ಭೂಪಟ ಬಂತು, ಆಮೇಲೆ ಕಪ್ಪೆಯ ಹೊಟ್ಟೆ ಬಂತು, ಯಾರದೋ ನಿವೃತ್ತಿ ಸಮಾರಂಭದ ಫೋಟೊ ಬಂತು. ತ್ರಿಕೋನ ಮಾತ್ರ ಕದಲಲಿಲ್ಲ. ಮೇಷ್ಟ್ರು ಉಗುಳು ಹಚ್ಚಿ ತಿಕ್ಕಿದರು.

ಹೆಡ್ಮಾಸ್ಟರು ಆಯಾಳನ್ನು ಒರೆಸುವ ಬಟ್ಟೆ ಸಮೇತ ಕರೆಸಿದರು. ಅವಳು ಪರದೆ ಆರಿಸಿ, ಮಸಿ ಒರೆಸಿ, ಮತ್ತೆ ಹಚ್ಚಿದಳು. ಮುಂದಿನ ಸಾಲಿನ ಹುಡುಗಿ ಕಪ್ಪೆ ಬೇಕೆಂದಳು. ಆಯಮ್ಮ ಕಪ್ಪೆ ತಂದು, ಎರಡು ಬೆರಳು ಅಗಲಿಸಿ ಅದರ ಹೊಟ್ಟೆಯನ್ನು ಗೋಡೆಯಷ್ಟು ಮಾಡಿ, ಒಂದು ಬೆರಳಿನಲ್ಲಿ ಗುಂಡಿಗೆಯ ಸುತ್ತ ಕೆಂಪು ಗೆರೆ ಎಳೆದಳು. ಕ್ಲಾಸು ಬಾಯಿ ಬಿಟ್ಟುಕೊಂಡು ನೋಡಿತು. ಸಾಹೇಬರು ಎದ್ದು ನಿಂತು, ಇವಳಿಗೆ ಇದನ್ನೆಲ್ಲ ಕಲಿಸಿದವರು ಯಾರೆಂದು ಕೇಳಿದರು.

"ನಮ್ಮ ಮೇಷ್ಟ್ರುಗಳೇ ಸಾರ್," ಎಂದರು ಹೆಡ್ಮಾಸ್ಟರು, ಆಯಮ್ಮ ಬಾಯಿ ತೆರೆಯುವ ಮೊದಲೇ. "ಬಿಡುವಿನಲ್ಲಿ ಕೂರಿಸಿಕೊಂಡು."

ಸಾಹೇಬರ ಕಣ್ಣು ಒದ್ದೆಯಾಯಿತು. ಹನ್ನೊಂದು ಮಂದಿಯ ಜೊತೆ ಫೋಟೊ ತೆಗೆಸಿಕೊಂಡರು. ತೆಗೆದವಳು ಆಯಮ್ಮ.

ಮಧ್ಯಾಹ್ನ ಅವಳನ್ನು ಹೆಡ್ಮಾಸ್ಟರ ಕೋಣೆಗೆ ಕರೆದರು. ಮೇಜಿನ ಮೇಲೆ ಟೈಪು ಮಾಡಿದ ಎರಡು ಹಾಳೆಗಳಿದ್ದವು. ಮೊದಲನೆಯದು ಪೂರ್ತಿ ದಿನದ ಪತ್ರ. ಹೆಡ್ಮಾಸ್ಟರ ಕೈಯಲ್ಲಿ ಸೀಲು ಸಿದ್ಧವಾಗಿತ್ತು. ಎರಡನೆಯದನ್ನು ಆಯಮ್ಮ ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದಿದಳು. ತನಗೆ ತಂತ್ರಜ್ಞಾನವನ್ನು ಈ ಶಾಲೆಯ ಹನ್ನೊಂದು ಮಂದಿ ಶಿಕ್ಷಕರು ಸ್ವಂತ ಆಸಕ್ತಿಯಿಂದ ಕಲಿಸಿದರೆಂದು ಅದರಲ್ಲಿತ್ತು. ಶಾಲೆಯನ್ನು ಮಾದರಿ ಶಾಲೆಯೆಂದು ಸಾರಲು ಸಾಹೇಬರಿಗೆ ಅದು ಬೇಕಾಗಿತ್ತು.

"ಇದಿಲ್ದೆ ಅದು ಆಗಲ್ವಾ ಸಾರ್?"

"ಎರಡೂ ಒಟ್ಟಿಗೇನಮ್ಮ," ಎಂದರು ಹೆಡ್ಮಾಸ್ಟರು. ಅವಳನ್ನು ಅಮ್ಮ ಎಂದದ್ದು ಅದೇ ಮೊದಲು.

"ರುಜು ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರು ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು. "ಅದ್ರಲ್ಲಿ ಸುಳ್ಳೇನಿದೆ? ನಮ್ಮ ಫೋನಲ್ಲೇ ತಾನೇ ನೀನು ಕಲಿತಿದ್ದು?"

ಆಯಮ್ಮ ಪೆನ್ನು ಎತ್ತಿಕೊಂಡಳು. ಮಗಳು, ಹಾಸ್ಟೆಲು, ಒಂದು ವರ್ಷ. ಹೆಡ್ಮಾಸ್ಟರು ಸೀಲನ್ನು ಮಸಿಗೆ ಒತ್ತಿ ಬಾಯಿಂದ ಊದಿದರು.

"ಫೋನು ನಿಮ್ದೇ ಸಾರ್," ಎಂದು ಆಯಮ್ಮ ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟಳು. "ನಾನು ರುಜು ಹಾಕಲ್ಲ."