ಕೂದಲು ಒಣಗುವ ತನಕ

ದೊಡ್ಡತ್ತೆಯ ಒಂದು ಕಾಲು ಆಗಲೇ ಹೊಸ್ತಿಲ ಒಳಗಿತ್ತು. ಸೊಸೆ ಬಾಗಿಲಿನ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಅಡ್ಡ ನಿಂತಳು.

"ಒಳಗೆ ಮೂರು ಜನ ಸಾಕು. ಅಜ್ಜಿ, ಅವರ ಮಗಳು, ನಾನು."

"ನಾನೇನು ದಾರಿಹೋಕಳಾ? ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ಅವಳು ಈ ಮನೆಗೆ ಬರೋವಾಗ ಬಾಗಿಲಲ್ಲಿ ನಿಂತು ಕರ್ಕೊಂಡವಳು ನಾನು. ಹೋಗೋವಾಗ ಒಂದು ಚೊಂಬು ನೀರು ಹಾಕೋಕೆ ನಿನ್ನ ಅಪ್ಪಣೆ ಬೇಕಾ?"

"ಬರೀ ನೀರು ಹಾಕೋಕಾಗಿದ್ರೆ ಬೇಡ ಅಂತಿರಲಿಲ್ಲ ದೊಡ್ಡತ್ತೆ."

ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಿತ್ತು. ಹಿಂದೆ ಹಜಾರದಲ್ಲಿ ಕುಳಿತಿದ್ದ ಹೆಂಗಸರಿಗೂ ಗೊತ್ತಿತ್ತು. ಅವರ ತುಟಿಗಳ ಮೇಲೆ ಪ್ರಾರ್ಥನೆ ಓಡುತ್ತಿದ್ದರೂ ಕಿವಿಗಳೆಲ್ಲ ಈ ಬಾಗಿಲ ಕಡೆಗೇ ಇದ್ದವು.

ಸತ್ತವಳು ಸೊಸೆಯ ಅತ್ತೆ; ದೊಡ್ಡತ್ತೆಗೆ ಓರಗಿತ್ತಿ. ಬೀದಿಯ ಬಾಯಲ್ಲಿ ಬಾಚಣಿಗೆಯಮ್ಮ. ಹಿಜಾಬ್ ತೊಡುವ ಹೆಂಗಸರ ಕೂದಲು ನೋಡಿಕೊಳ್ಳುವುದರಲ್ಲಿ ಆಕೆಯದು ಎತ್ತಿದ ಕೈ. ಮನೆಯ ಹಿಂಬದಿಯ ಈ ಕೋಣೆಯೇ ಆಕೆಯ ಅಂಗಡಿ. ಎತ್ತರದಲ್ಲೊಂದು ಕಿಟಕಿ, ಬಿಸಿಲು ಬೀಳುವ ಜಾಗಕ್ಕೊಂದು ಕುರ್ಚಿ, ಮೂಲೆಯಲ್ಲಿ ನಲ್ಲಿ, ಬಾಗಿಲಿಗೆ ಒಳಗಿನಿಂದ ದಪ್ಪನೆಯ ಚಿಲಕ. ಎಷ್ಟೋ ಹೆಂಗಸರು ಇಲ್ಲಿ ಬಂದು, ಪಿನ್ನು ಬಿಚ್ಚಿ, ಉಸ್ಸಪ್ಪಾ ಎಂದು ತಲೆ ಕೊಡವಿದ್ದರು. ಆದರೆ ಆಕೆಯ ತಲೆಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಗಂಡಸರ ನೆರಳೂ ಸುಳಿಯದ ಈ ಕೋಣೆಯಲ್ಲೂ ಆಕೆ ತಲೆವಸ್ತ್ರ ತೆಗೆದವಳಲ್ಲ. ನೋಡಿದ್ದವನು ಗಂಡನೊಬ್ಬ, ಅವನು ಬಾಯಿ ಬಿಡದೆ ಎಂದೋ ಹೋಗಿಬಿಟ್ಟಿದ್ದ.

ಹಾಗಾಗಿ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಮೊಣಕಾಲು ಮುಟ್ಟುವ ಜಡೆ ಇದೆ, ದೃಷ್ಟಿಯಾದೀತೆಂದು ಅಡಗಿಸಿದ್ದಾಳೆ ಎನ್ನುವುದು ಒಂದು ಪಕ್ಷ. ಬೋಳು, ಅಪ್ಪಟ ಬೋಳು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ದೊಡ್ಡತ್ತೆಯೇ ನಾಯಕಿ. ಇವತ್ತು ಕಣ್ಣಾರೆ ನೋಡಿ ಗೆದ್ದುಬಿಡಬೇಕೆಂದು ಬೆಳಗಿನಿಂದಲೂ ಕಾದಿದ್ದಳು. ಸೊಸೆಗೆ ಇದ್ದದ್ದೂ ಒಂದೇ ಹಟ. ಬದುಕಿದ್ದಷ್ಟು ದಿನ ಅತ್ತೆ ಮುಚ್ಚಿಟ್ಟದ್ದನ್ನು, ಮಾತಾಡಲಾಗದ ಈ ಒಂದು ದಿನ ಯಾರೂ ಕದಿಯಬಾರದು.

"ಬಾಗಿಲು ಹಾಕು ಮಗಳೇ," ಒಳಗಿನಿಂದ ಅಜ್ಜಿ ಕೂಗಿದಳು. ಊರಿನಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸುವವಳು ಅವಳೇ. "ನೀರು ಆರಿಹೋಗ್ತಿದೆ. ನೋಡೋಕೆ ಬಂದವರು ಮುಖ ನೋಡೋ ಹೊತ್ತಿಗೆ ಬರಲಿ. ಇದು ಕೆಲಸ ಮಾಡೋರ ಜಾಗ."

ದೊಡ್ಡತ್ತೆ ಕಾಲು ಹಿಂದಕ್ಕೆ ತೆಗೆದುಕೊಂಡಳು. "ಎಷ್ಟು ಹೊತ್ತು ಮುಚ್ಚಿಡ್ತೀಯೋ ನಾನೂ ನೋಡ್ತೀನಿ," ಎಂದಳು. ಸೊಸೆ ಚಿಲಕ ಹಾಕಿದಳು.

* * *

ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಹಾಗೇ ಗಂಟು ಕಟ್ಟಿ, ಮೇಲೆ ಬಿಗಿ ಟೋಪಿ, ಅದರ ಮೇಲೆ ತಲೆವಸ್ತ್ರ ಸುತ್ತಿ ಓಡುವುದು ರೂಢಿ. ಒಂದು ದಿನ ಹಿಂದೆ ಹಾದುಹೋಗುತ್ತಿದ್ದ ಅತ್ತೆ ಗಕ್ಕನೆ ನಿಂತು ಮೂಗೆಳೆದುಕೊಂಡಳು.

"ಒದ್ದೆ ಬಟ್ಟೆ ಮಡಚಿ ಪೆಟ್ಟಿಗೆಯಲ್ಲಿ ಇಡ್ತೀಯಾ?"

"ಇಲ್ಲ ಅತ್ತೆ."

"ಮತ್ತೆ ತಲೆ ಮೇಲೆ ಇಟ್ಕೊಂಡು ಎಲ್ಲಿಗೆ ಹೊರಟೆ?"

ಕೈ ಹಿಡಿದು ಎಳೆದುಕೊಂಡು ಬಂದು ಇದೇ ಕುರ್ಚಿಯಲ್ಲಿ ಕೂರಿಸಿ, ಗಂಟು ಬಿಚ್ಚಿ, ಬೆನ್ನಿಗೆ ಬಿಸಿಲು ಬೀಳುವಂತೆ ತಿರುಗಿಸಿದಳು. ಟೋಪಿಯನ್ನು ಎಳೆದು ನೋಡಿ, ಇದು ಟೋಪಿಯಲ್ಲ, ಇಕ್ಕಳ ಎಂದು ಮೂಲೆಗೆಸೆದಳು. ಹತ್ತಿಯದನ್ನು ಸಡಿಲವಾಗಿ ಹೊಲಿಸಿಕೊ, ಗಂಟನ್ನು ದಿನಾ ಒಂದೇ ಕಡೆ ಕಟ್ಟಬೇಡ, ಬೈತಲೆ ಬದಲಿಸುತ್ತಿರು ಎಂದು ಬಯ್ಯುತ್ತಲೇ ಹೇಳಿಕೊಟ್ಟಳು.

"ಕೆಲಸಕ್ಕೆ ತಡವಾಗುತ್ತೆ ಅತ್ತೆ. ಹೇಗಿದ್ರೂ ಮುಚ್ಕೊಳ್ಳೋ ಕೂದಲು. ಯಾರು ನೋಡ್ತಾರೆ?"

ಬಾಚಣಿಗೆ ನಿಂತಿತು.

"ನನಗೆ ಗೊತ್ತಿದ್ದ ಒಬ್ಬ ಹುಡುಗಿ ಇದ್ದಳು," ಎಂದಳು ಅತ್ತೆ. "ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಕೆಲಸ. ಮನೆ ತುಂಬ ಮೈದುನಂದಿರು, ಭಾವಂದಿರು. ಬಚ್ಚಲ ಬಾಗಿಲು ತೆಗೆದರೆ ಹಜಾರ. ತಲೆ ಬಿಚ್ಚಿಕೊಂಡು ಕೂರೋಕೆ ಆ ಮನೆಯಲ್ಲಿ ಒಂದು ಮೂಲೆ ಇರಲಿಲ್ಲ. ನಿನ್ನ ಹಾಗೇ ಒದ್ದೆ ಕೂದಲು ಬಿಗಿದು ಕಟ್ಟಿಕೊಂಡು ಓಡೋಳು. ಸಂಜೆ ಬಿಚ್ಚಿದ್ರೆ ಇನ್ನೂ ಒದ್ದೆ. ಓರಗಿತ್ತಿ ಹತ್ರ ಹೋಗಿ, ಅಕ್ಕಾ, ದಿನಾ ಸ್ವಲ್ಪ ಹೊತ್ತು ನಿನ್ನ ಕೋಣೆ ಕೊಡು, ಒಣಗಿಸಿಕೊಳ್ತೀನಿ ಅಂತ ಕೇಳಿದಳು. ಅವಳೂ ಇದನ್ನೇ ಹೇಳಿ ನಕ್ಕಳು. ಯಾರು ನೋಡ್ತಾರೆ ಅಂತ."

"ಆಮೇಲೆ ಆ ಹುಡುಗಿ ಏನಾದಳು?"

"ಏನಾಗ್ತಾಳೆ. ಬದುಕಿದಳು." ಬಾಚಣಿಗೆ ಮತ್ತೆ ನಡೆಯಿತು. "ಯಾರು ನೋಡ್ತಾರೆ ಅಂತಾರಲ್ಲ, ನೀನು ನೋಡಲ್ವಾ? ನಿನ್ನ ಕಣ್ಣು ಕಣ್ಣಲ್ವಾ? ಕೂತ್ಕೋ ಸುಮ್ಮನೆ. ಇದು ಒಣಗುವ ತನಕ ನಾನು ಚಿಲಕ ತೆಗೆಯಲ್ಲ."

ಆ ಚಿಲಕದ ಮೇಲೂ ಹಿಂದೆ ಒಂದು ರಾದ್ಧಾಂತ ನಡೆದಿತ್ತಂತೆ. ಮನೆಯೊಳಗಿನ ಕೋಣೆಗೆ ಒಳಗಿನಿಂದ ಚಿಲಕ ಯಾಕೆ ಎಂದು ಅತ್ತೆಯ ಭಾವ ಹಾರಾಡಿದಾಗ, "ಹೊರಗೆ ನೀವಿದ್ದೀರಲ್ಲ, ಅದಕ್ಕೆ," ಎಂದು ಹೇಳಿ ಅತ್ತೆ ಮೊಳೆ ಹೊಡೆಯುವುದನ್ನು ಮುಂದುವರಿಸಿದ್ದಳು.

* * *

ಕುರ್ಚಿಯನ್ನು ಗೋಡೆಗೆ ಸರಿಸಿ, ಮಧ್ಯೆ ಹಲಗೆ ಇಟ್ಟಿದ್ದರು. ಅತ್ತೆಯ ಮೈಮೇಲೆ ಬಿಳಿ ಹೊದಿಕೆ. ನಿನ್ನೆ ಸಂಜೆ ಯಾರದೋ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದದ್ದು ಇಲ್ಲೇ.

"ತಲೆ ನಾನು ನೋಡ್ಕೋತೀನಿ ಅಜ್ಜಿ," ಎಂದಳು ಸೊಸೆ. "ನನ್ನ ತಲೆಗೆ ನೀನೊಬ್ಬಳೇ ಕೈ ಹಾಕಬೇಕು ಅಂತ ಅತ್ತೆ ಯಾವಾಗಲೂ ಹೇಳೋರು. ತಮಾಷೆ ಅನ್ಕೊಂಡಿದ್ದೆ."

ಪಿನ್ನುಗಳನ್ನು ಒಂದೊಂದಾಗಿ ತೆಗೆದು, ತಲೆವಸ್ತ್ರ ಸರಿಸಿದಳು. ಹಣೆಯಿಂದ ನೆತ್ತಿಯ ತನಕ ಏನೂ ಇರಲಿಲ್ಲ. ಬಿಗಿ ಕಟ್ಟು ಕೂರುತ್ತಿದ್ದ ಕಡೆಯಲ್ಲೆಲ್ಲ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಅಲ್ಲಿಂದ ಹಿಂದೆ, ಕಿವಿಗಳ ನಡುವೆ, ಕತ್ತಿಗೆ ಮುಟ್ಟುವಷ್ಟು ತೆಳ್ಳನೆಯ ನರೆಗೂದಲು. ಎರಡೂ ಪಕ್ಷಗಳು ಸೋತಿದ್ದವು. ಆ ಇಷ್ಟೇ ಇಷ್ಟು ಕೂದಲು ಸಿಕ್ಕಿಲ್ಲದೆ, ಹೊಟ್ಟಿಲ್ಲದೆ, ಎಣ್ಣೆ ಕುಡಿದು ಮೆತ್ತಗಿತ್ತು. ನಿನ್ನೆ ಬೆಳಿಗ್ಗೆಯೂ ಆಕೆ ಬಾಗಿಲು ಹಾಕಿಕೊಂಡು ಅದನ್ನು ಬಾಚಿಕೊಂಡಿದ್ದಳು.

ಅಜ್ಜಿಯ ಮಗಳು ಬಾಯಿ ತೆರೆದಳು. ಅಜ್ಜಿ ಒಮ್ಮೆ ನೋಡಿದ್ದೇ ಮುಚ್ಚಿದಳು.

"ಇಲ್ಲಿ ಕಂಡದ್ದು ಇಲ್ಲೇ ಇರುತ್ತೆ," ಅಜ್ಜಿ ಹೇಳಿದಳು. "ನಾನು ಎಷ್ಟು ಮೈ ತೊಳೆದಿದ್ದೀನಿ. ಒಂದರ ಸುದ್ದಿಯಾದರೂ ಇವಳ ಕಿವಿಗೆ ಬಿದ್ದಿದೆಯಾ ಕೇಳು."

ಸೊಸೆಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಆ ಹುಡುಗಿ ನೀವೇ ಅಂತ ನನಗಾದರೂ ಹೇಳಬಾರದಿತ್ತಾ ಅತ್ತೆ, ಎಂದು ಮನಸ್ಸಿನಲ್ಲೇ ಜಗಳವಾಡಿದಳು. ಆಮೇಲೆ ಅಳು ಬಂತು, ಬಂದಷ್ಟೂ ಅತ್ತಳು. ಅಳುತ್ತಲೇ ಬೆಚ್ಚಗಿನ ನೀರು ಹಾಕಿ, ಬೆರಳ ತುದಿಯಿಂದ, ಉಗುರು ತಾಗಿಸದೆ, ಅತ್ತೆ ಕಲಿಸಿದ ಹಾಗೇ ತೊಳೆದಳು.

ಹೆಂಗಸಿನ ಕೂದಲನ್ನು ಮೂರು ಜಡೆ ಹಾಕಿ ಹಿಂದಕ್ಕೆ ಬಿಟ್ಟು ಕಳಿಸಿಕೊಡುವುದು ಕ್ರಮ. ಅಜ್ಜಿ ಆ ಕೂದಲನ್ನು ನೋಡಿ ತಲೆಯಾಡಿಸಿದಳು.

"ಇದರಲ್ಲಿ ಮೂರಾಗಲ್ಲ ಮಗಳೇ. ಹಿಂದಕ್ಕೆ ಸವರಿಬಿಡು. ತಪ್ಪೇನಿಲ್ಲ."

"ಆಗುತ್ತೆ. ಒದ್ದೆ ಇದ್ರೆ ಜಾರುತ್ತೆ, ಮೊದಲು ಒಣಗಿಸಬೇಕು."

ಬಾಗಿಲು ಬಡಿದ ಸದ್ದು. ಅತ್ತೆಯ ಭಾವನ ದನಿ. "ಇನ್ನೂ ಎಷ್ಟು ಹೊತ್ತು? ಗಂಡಸರೆಲ್ಲ ಬಿಸಿಲಲ್ಲಿ ನಿಂತಿದ್ದಾರೆ."

"ನೆರಳಿಗೆ ಹೋಗೋಕೆ ಹೇಳಿ," ಎಂದಳು ಸೊಸೆ.

ಅಜ್ಜಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಸೊಸೆ ಹಳೆಯ ಮೆತ್ತನೆಯ ಟವೆಲಿನಲ್ಲಿ ಕೂದಲನ್ನು ಒತ್ತಿ ಒತ್ತಿ ಒಣಗಿಸಿದಳು. ಮೂರು ಪಾಲು ಮಾಡಿದಳು. ಮೊದಲನೆಯ ಜಡೆ ಬಿಚ್ಚಿಕೊಂಡಿತು, ಮತ್ತೆ ಹೆಣೆದಳು. ದೀಪದ ಬತ್ತಿಯಷ್ಟು ತೆಳ್ಳಗಿನ ಮೂರು ಜಡೆಗಳು ಕೊನೆಗೂ ನಿಂತವು. ಅವುಗಳ ಮೇಲೆ ಬಿಳಿ ತಲೆವಸ್ತ್ರ ಹೊದಿಸಿ, ಅಂಚನ್ನು ಹಣೆಯ ಮೇಲೆ ಸಡಿಲವಾಗಿ ಕೂರಿಸಿದಳು.

* * *

ಮುಖ ನೋಡಲು ಹೆಂಗಸರು ಒಬ್ಬೊಬ್ಬರಾಗಿ ಬಂದರು. ದೊಡ್ಡತ್ತೆ ಬಂದಳು. ಬಗ್ಗಿ ಕಣ್ಣೊರೆಸಿಕೊಂಡಳು, ಆ ಕಣ್ಣೀರು ಸುಳ್ಳಲ್ಲ. ಆದರೆ ಕಣ್ಣೊರೆಸಿದ ಕೈ ಹಿಂದಕ್ಕೆ ಬರಲಿಲ್ಲ. ಬಿಳಿ ಬಟ್ಟೆಯ ಅಂಚಿಗೆ ಹೋಯಿತು.

ಸೊಸೆ ಆ ಮಣಿಕಟ್ಟು ಹಿಡಿದಳು.

"ಸರಿ ಮಾಡ್ತಿದ್ದೆ ಅಷ್ಟೇ."

"ಸರಿಯಾಗೇ ಇದೆ."

"ಕೈ ಬಿಡೇ." ದೊಡ್ಡತ್ತೆ ಹಜಾರಕ್ಕೆಲ್ಲ ಕೇಳುವ ಹಾಗೆ ಹೇಳಿದಳು. "ಇದ್ದಿದ್ರೆ ಇಷ್ಟು ಮುಚ್ಚಿಡ್ತಿದ್ಯಾ? ಊರಿನವರ ತಲೆ ನೋಡಿಕೊಂಡವಳಿಗೆ ತನ್ನ ತಲೇಲಿ ಏನೂ ಇರಲಿಲ್ಲ ಅಂತಾಯ್ತು."

ಹಜಾರದಲ್ಲಿ ಪ್ರಾರ್ಥನೆಯ ಗುನುಗು ನಿಂತಿತು.

* * *

ಗಂಡನಿಗೆ ಕಾಯಿಲೆಯಾಗಿದ್ದ ಕಾಲದಲ್ಲಿ ದೊಡ್ಡತ್ತೆಯ ಕೂದಲು ಕಂತೆಕಂತೆಯಾಗಿ ಉದುರಿತ್ತು. ನೆತ್ತಿಯ ಹಿಂದೆ ಅಂಗೈಯಗಲ ಬಯಲು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿತ್ತಿಲ ಬಾಗಿಲಿಂದ ಬಂದು ಈ ಕುರ್ಚಿಯಲ್ಲಿ ಕೂರುತ್ತಿದ್ದಳು. ಅತ್ತೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿ, ಬಯ್ದು, ಸಮಾಧಾನ ಹೇಳಿ, ಆ ಬಯಲಿನಲ್ಲಿ ಕೂದಲು ಚಿಗುರುವ ತನಕ ನೋಡಿಕೊಂಡಳು. ಕನ್ನಡಿ ಹಿಡಿದು ನಿಲ್ಲುತ್ತಿದ್ದವಳು ಸೊಸೆ. ಅದೇ ದಿನಗಳ ಸಂಜೆ ಹಜಾರದಲ್ಲಿ ಕೂತು, ಮುಚ್ಚೋ ಕೂದಲಿಗೆ ಎಂಥ ಶೃಂಗಾರವೋ ಎಂದು ದೊಡ್ಡತ್ತೆ ಆಡಿಕೊಳ್ಳುವುದು ಮಾತ್ರ ನಿಂತಿರಲಿಲ್ಲ.

"ಒಂದೇ ಒಂದು ಮಾತು ಹೇಳಿ ಅತ್ತೆ, ಅವರ ಬಾಯಿ ಬಂದ್ ಆಗುತ್ತೆ," ಎಂದು ಸೊಸೆ ಕುದಿದಿದ್ದಳು.

"ಹೇಳಿದ್ರೆ ನಾಳೆಯಿಂದ ಈ ಕುರ್ಚಿಯಲ್ಲಿ ಯಾರು ತಲೆ ಬಿಚ್ಚಿ ಕೂರ್ತಾರೆ?" ಎಂದಿದ್ದಳು ಅತ್ತೆ. "ಅವಳು ಆಡ್ಕೊಳ್ಳಲಿ. ಕೂದಲು ಬಂತಲ್ಲ, ಅದು ನೋಡು."

* * *

ಆ ಒಂದು ಮಾತು ಈಗ ಸೊಸೆಯ ನಾಲಗೆಯ ತುದಿಯಲ್ಲಿತ್ತು. ದೊಡ್ಡತ್ತೆಗೂ ಅದು ಹೊಳೆಯಿತು. ಹಿಡಿತದಲ್ಲಿಲ್ಲದ ಇನ್ನೊಂದು ಕೈ ತಾನಾಗಿ ಅವಳ ನೆತ್ತಿಯ ಹಿಂದಕ್ಕೆ ಹೋಗಿ ತಲೆವಸ್ತ್ರವನ್ನು ಒತ್ತಿಕೊಂಡಿತು.

ಸೊಸೆ ಉಗುಳು ನುಂಗಿದಳು. ಅದರ ಜೊತೆ ಮಾತನ್ನೂ ನುಂಗಿದಳು.

"ಮೂರು ಜಡೆ ಹಾಕಿದ್ದೀನಿ," ಎಂದಳು ಗಟ್ಟಿಯಾಗಿ. "ನನ್ನ ಕೈಯಾರೆ."

"ಎಷ್ಟು ಉದ್ದ ಇತ್ತಮ್ಮಾ?" ಹಿಂದಿನಿಂದ ಯಾರೋ ತಡೆಯಲಾರದೆ ಕೇಳಿದರು.

"ಜಡೆಗೆ ಬೇಕಾದಷ್ಟು. ಇನ್ನು ಅದರ ಸುದ್ದಿ ಕೇಳೋರಿದ್ರೆ ಅವರನ್ನೇ ಕೇಳಿ. ಇಲ್ಲೇ ಮಲಗಿದ್ದಾರೆ."

ಮಣಿಕಟ್ಟು ಬಿಟ್ಟಳು. ಅಜ್ಜಿ ಮುಖದ ಮೇಲೆ ಬಟ್ಟೆ ಎಳೆದು ಗಂಟು ಕಟ್ಟಿದಳು. ಸೊಸೆಯ ಗಂಡ ಮೂವರು ಗಂಡಸರೊಂದಿಗೆ ಬಂದು ತಾಯಿಯನ್ನು ಹೆಗಲಿಗೇರಿಸಿಕೊಂಡ. ಬೀದಿಯ ತಿರುವಿನಲ್ಲಿ ಗಂಡಸರ ಸಾಲು ಮರೆಯಾಗುವ ತನಕ ಸೊಸೆ ಹಜಾರದ ಕಿಟಕಿಯಲ್ಲಿ ನಿಂತಿದ್ದಳು.

ಮೃತರನ್ನು ತೊಳೆದವರು ತಾವೂ ಸ್ನಾನ ಮಾಡಬೇಕು. ಸೊಸೆ ತಲೆಗೆ ನೀರು ಹಾಕಿಕೊಂಡು ಬಂದಳು. ಬಚ್ಚಲ ಬಾಗಿಲು ಇಂದಿಗೂ ಹಜಾರಕ್ಕೇ ತೆರೆಯುತ್ತಿತ್ತು. ಟವೆಲನ್ನು ತಲೆಗೆ ಹಿಡಿದು ನೇರ ಹಿಂದಿನ ಕೋಣೆಗೆ ನಡೆದು ಚಿಲಕ ಹಾಕಿಕೊಂಡಳು. ನೆಲ ತೊಳೆದು ಆಗಿತ್ತು. ಗೋಡೆಗೆ ಸರಿಸಿದ್ದ ಕುರ್ಚಿಯನ್ನು ಎಳೆದು ಬಿಸಿಲು ಬೀಳುವ ಜಾಗಕ್ಕೆ ತಂದು, ಬೆನ್ನು ಕಿಟಕಿಗೆ ಹಾಕಿ ಕುಳಿತಳು.

ಬಾಗಿಲು ಬಡಿಯಿತು.

"ಬಂದವರೆಲ್ಲ ಮನೆ ಸೊಸೆ ಎಲ್ಲಿ ಅಂತ ಕೇಳ್ತಿದ್ದಾರೆ," ದೊಡ್ಡತ್ತೆಯ ದನಿ ಮೊದಲಿಗಿಂತ ತಗ್ಗಿತ್ತು. "ಸುತ್ಕೊಂಡು ಹೊರಗೆ ಬಾ."

"ಕೂದಲು ಒದ್ದೆ ಇದೆ ದೊಡ್ಡತ್ತೆ."

"ಹಾಗೇ ಗಂಟು ಕಟ್ಟಿ ಮೇಲೊಂದು ಬಟ್ಟೆ ಹಾಕ್ಕೋ. ಯಾರು ನೋಡ್ತಾರೆ?"

ಸೊಸೆ ಟವೆಲು ಬಿಚ್ಚಿ ಕೂದಲನ್ನೆಲ್ಲ ಕುರ್ಚಿಯ ಬೆನ್ನಿನ ಆಚೆಗೆ ಚೆಲ್ಲಿದಳು.

"ನಾನು ನೋಡ್ತೀನಿ," ಎಂದಳು.

ಮತ್ತೆ ಬಡಿಯಿತು, ಈ ಸಲ ಜೋರಾಗಿ. ಚಿಲಕ ತನ್ನ ಕೊಂಡಿಯಲ್ಲಿ ಒಮ್ಮೆ ಕುಣಿದು ಅಲ್ಲೇ ನಿಂತಿತು. ಕೂದಲ ತುದಿಯಿಂದ ಒಂದೊಂದೇ ಹನಿ ಬಿಸಿಲಿನ ಚೌಕಕ್ಕೆ ಬೀಳುತ್ತಿತ್ತು. ಬಿದ್ದ ಹನಿ ಆರುತ್ತಿತ್ತು, ಇನ್ನೊಂದು ಬೀಳುತ್ತಿತ್ತು.