ತಿಂದನಾ ಕೇಳು

ಕೀಲುಂಗ್ ಬಂದರಿನ ದೇವಸ್ಥಾನದ ಬೀದಿಯಲ್ಲಿ ಶೇಂಗಾ ಐಸ್ ಕೊಂಡು, ಅದು ಕರಗುವುದರೊಳಗೆ ಒಂದು ಮೂಲೆ ಹುಡುಕಲು ಅಮ್ಮ ಮತ್ತು ನಾನು ಓಡಿದೆವು. ಅಂಗಡಿಯ ಎದುರಿಗೇ ಊದುಬತ್ತಿ ಹಚ್ಚಿ ಬಟ್ಟಲು ಇಟ್ಟರೆ ಯಾವ ಅಂಗಡಿಯವನು ಸುಮ್ಮನಿರುತ್ತಾನೆ? ಕೊನೆಗೆ ಒಂದು ಆಲದ ಮರದ ಕಟ್ಟೆ ಸಿಕ್ಕಿತು. ಅಮ್ಮ ಬಟ್ಟಲಿಟ್ಟು, ಊದುಬತ್ತಿ ಹಿಡಿದು, ಅಣ್ಣನ ಹೆಸರು ಹಿಡಿದು ಕರೆದಳು.

"ಚಿನ್‌ಚಾಯ್, ನಿಂಗಿಷ್ಟ ಅಂತ ತಂದಿದೀನಿ. ತಿಂದ್ಯೇನಪ್ಪಾ?"

ಆಮೇಲೆ ಎರಡು ನಾಣ್ಯ ಎಸೆದಳು. ಅವಳ ಕಣ್ಣಿಗೆ ಪೊರೆ ಬಂದಿದೆ. ಹಾಗಾಗಿ ಎಸೆಯುವುದು ಅವಳು, ನೋಡಿ ಹೇಳುವುದು ನಾನು. ಒಂದು ನಾಣ್ಯ ತಲೆ, ಇನ್ನೊಂದು ಅಂಕಿ ಬಿದ್ದರೆ ಹೌದು. ಎರಡೂ ಒಂದೇ ಥರ ಬಿದ್ದರೆ ಇಲ್ಲ. ಹಬ್ಬದ ದಿನ ನಾವು ತೀರಿಕೊಂಡ ಹಿರಿಯರಿಗೆ ಎಡೆಯಿಟ್ಟು, ಉಂಡಿರಾ ಎಂದು ಕೇಳುವುದೂ ಹೀಗೆಯೇ. ಹೌದು ಬೀಳುವ ತನಕ ಮನೆಯವರು ಹಸಿದುಕೊಂಡು ಕಾಯುತ್ತಾರೆ.

"ಎರಡೂ ತಲೆ," ಎಂದೆ.

"ಹಾಗಾದ್ರೆ ತಿಂದಿಲ್ಲ." ಅಮ್ಮನ ಮುಖ ಅರಳಿತು. "ಬದುಕಿದಾನೆ. ಕೊಡು ಆ ಚಮಚ, ಕರಗ್ತಾ ಇದೆ."

ಅಣ್ಣನ ಕೆಲಸ ಐಸ್ ಹೆರೆಯುವ ಯಂತ್ರಗಳ ರಿಪೇರಿ. ಸ್ಕೂಟರಿನ ಹಿಂದೆ ಸಾಮಾನು ಕಟ್ಟಿಕೊಂಡು ತೈವಾನ್ ಪೂರ್ತಿ ಸುತ್ತುತ್ತಿದ್ದ, ಹೋದಲ್ಲೆಲ್ಲ ಪುಕ್ಕಟೆ ತಿನ್ನುತ್ತಿದ್ದ, ಮನೆಗೆ ಬಂದು ಅದನ್ನೆಲ್ಲ ಬಾಯಲ್ಲಿ ನೀರೂರುವಂತೆ ಹೇಳುತ್ತಿದ್ದ. ಹೋದ ವರ್ಷದ ಹಿಂದಿನ ವರ್ಷ ಪೂರ್ವ ಕರಾವಳಿಯ ಒಂದು ಸಣ್ಣ ರೈಲು ನಿಲ್ದಾಣದ ಎದುರು ಸ್ಕೂಟರ್ ಸಿಕ್ಕಿತು, ಅವನು ಸಿಗಲಿಲ್ಲ. ಪೊಲೀಸರು ಕೈಚೆಲ್ಲಿದರು. ನಮ್ಮ ಬೀದಿಯ ಗುಡಿಯಲ್ಲಿ ಮೈಮೇಲೆ ದೇವರು ಬರುವ ಮುದುಕನೊಬ್ಬ ಅಮ್ಮನಿಗೆ ಹೇಳಿದ: ಅವನು ತಿನ್ನುತ್ತಿದ್ದ ಊರಲ್ಲಿ, ತಿನ್ನುತ್ತಿದ್ದದ್ದನ್ನೇ ಇಟ್ಟು ಕೇಳಿ. ಸತ್ತವರಾದರೆ ತಿನ್ನುತ್ತಾರೆ. ಬದುಕಿರುವವನಿಗೆ ಎಡೆ ಮುಟ್ಟುವುದಿಲ್ಲ.

ಅಮ್ಮನಿಗೆ ಅಷ್ಟೇ ಸಾಕಾಯಿತು. ನಾನು ರಜೆ ಹಾಕಿದೆ. ರೈಲು ಹತ್ತಿದೆವು.

ಮುಚ್ಚಿಡುವುದೇನು, ನನಗೆ ಹೌದು ಬೇಕಿತ್ತು. ಅಣ್ಣನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಬಾಗಿಲು ಬಡಿದಾಗಲೆಲ್ಲ ತಟ್ಟೆ ಬಿಟ್ಟು ಏಳುವ ಈ ಮುದುಕಿಯನ್ನು ನೋಡಿ ನೋಡಿ ನನ್ನ ಜೀವ ಹಣ್ಣಾಗಿತ್ತು. ಸತ್ತಿದ್ದಾನೆ ಎಂದರೆ ಅಳಬಹುದು, ಅತ್ತು ಮಲಗಬಹುದು.

ಚಾಂಗ್‌ಹುವಾದಲ್ಲಿ ಬಾವಾನ್ ಕೊಂಡೆವು. ಗೆಣಸಿನ ಹಿಟ್ಟಿನ ಅಂಟಂಟು ಹೊದಿಕೆ, ಒಳಗೆ ಹಂದಿಮಾಂಸ, ಕಳಲೆ, ಮೇಲೆ ಸಿಹಿ ಸಾರು. ನಾಣ್ಯ ಇಲ್ಲ ಎಂದಿತು. ಅಮ್ಮ ಎರಡು ಬಟ್ಟಲು ತಿಂದು, ಇನ್ನೊಂದನ್ನು ನನಗೆ ಬಲವಂತ ಮಾಡಿದಳು.

"ತಿನ್ನೇ ಅ-ಬೀ. ಎಡೆ ಅಲ್ಲ ಇದು, ಬರೀ ತಿಂಡಿ. ಪ್ರವಾಸಕ್ಕೆ ಬಂದೋರ ಹಾಗೆ ತಿನ್ನು."

"ಹಿಂಗೇ ತಿಂದ್ರೆ ನಿನ್ನ ಮಗ ಸಿಗೋ ಹೊತ್ತಿಗೆ ನಾನು ಬಾಗಿಲಲ್ಲಿ ಹಿಡಿಸಲ್ಲ."

"ಅದಕ್ಕೇ ಯಾರೂ ನಿನ್ನ ಮದುವೆ ಆಗ್ಲಿಲ್ಲ, ಈ ನಾಲಿಗೆಗೆ."

ಚಿಯಾಯಿಯಲ್ಲಿ ಟರ್ಕಿ ಕೋಳಿಯ ಅನ್ನ. ಅಲ್ಲೂ ಇಲ್ಲ. ರೈಲಿನಲ್ಲಿ ಅಮ್ಮ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ, ನನ್ನ ಮಗ ಊರೂರು ತಿರುಗುತ್ತಾನೆ, ಹೊಟ್ಟೆಬಾಕ, ಎಂದು ಹೇಳಿಕೊಂಡು ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ತೈನಾನ್‌ಗೆ ಬಂದಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಅಣ್ಣ ಎಲ್ಲಕ್ಕಿಂತ ಹೆಚ್ಚು ಹೊಗಳುತ್ತಿದ್ದದ್ದು ಇಲ್ಲಿನ ತಾವ್‌ಹುವೆಯನ್ನು. ಸೋಯಾ ಹಾಲನ್ನು ಹೆಪ್ಪುಗಟ್ಟಿಸಿದ ಸಿಹಿ ಅದು, ಚಮಚ ತಾಗಿದರೆ ನಡುಗುತ್ತದೆ, ಮೇಲೆ ಬೆಲ್ಲದ ಪಾಕ, ಮೆತ್ತಗೆ ಬೆಂದ ಶೇಂಗಾ. ಅಂಗಡಿಯ ಹೆಂಗಸಿಗೆ ಐವತ್ತು ದಾಟಿರಬೇಕು, ಕೈ ಬಾಯಿ ಎರಡೂ ಚುರುಕು. ಅಮ್ಮನ ಕೈಯಲ್ಲಿ ಊದುಬತ್ತಿ ಕಂಡು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಹೊರಗೆ ಗೋಡೆಯ ಪಕ್ಕ ಸ್ಟೂಲು ಹಾಕಿಕೊಟ್ಟಳು.

"ಯಾರಿಗೆ ದೊಡ್ಡಮ್ಮಾ?"

"ನನ್ನ ಮಗಂಗೆ. ನಿನ್ನ ಐಸ್ ಮಿಷಿನ್ ರಿಪೇರಿ ಮಾಡ್ತಿದ್ದ, ಉದ್ದಕ್ಕೆ, ಕೆನ್ನೆ ಮೇಲೆ ಮಚ್ಚೆ."

"ಅಯ್ಯೋ, ಚಿನ್‌ಚಾಯ್ ತಾಯೀನಾ? ದುಡ್ಡು ತಗೊಳ್ತಾನೇ ಇರ್ಲಿಲ್ಲ. ಶೇಂಗಾ ಮಾತ್ರ ಡಬಲ್ ಹಾಕಿಸ್ಕೊಳ್ತಿದ್ದ." ಹಾಗೆಂದವಳೇ ಬಟ್ಟಲಿಗೆ ಇನ್ನೊಂದು ಸೌಟು ಶೇಂಗಾ ಹಾಕಿದಳು.

ಅಮ್ಮ ಕರೆದಳು, ಕೇಳಿದಳು, ಎಸೆದಳು. ಎರಡೂ ಅಂಕಿ.

"ಇಲ್ಲ," ಎಂದೆ.

"ನೋಡ್ದ್ಯಾ!" ಅಮ್ಮ ಅಂಗಡಿಯವಳ ಕೈ ಹಿಡಿದುಕೊಂಡಳು. "ಎಲ್ಲಾ ಊರಲ್ಲೂ ಕೇಳ್ದೆ. ಒಂದು ಕಡೇನೂ ತಿಂದಿಲ್ಲ. ಬದುಕಿದಾನೆ ನನ್ನ ಮಗ."

ಅಂಗಡಿಯವಳು ಒಳ್ಳೆಯವಳು. ಒಳ್ಳೆಯತನದಿಂದಲೇ ಹೇಳಿದಳು, ಅದನ್ನು ನಾನು ಒಪ್ಪುತ್ತೇನೆ.

"ಹಂಗಲ್ಲ ದೊಡ್ಡಮ್ಮಾ. ನಮ್ಮ ಭಾವ ಬೆಟ್ಟದಲ್ಲಿ ಕಾಣೆಯಾದಾಗ ಎಷ್ಟು ವರ್ಷ ಎಡೆ ಇಟ್ವಿ, ಒಂದಿನಾನೂ ತಿನ್ಲಿಲ್ಲ. ಹಂಗೆ ಎಲ್ಲೋ ಸತ್ತೋರಿಗೆ ಮನೆ ದಾರಿ ಗೊತ್ತಾಗಲ್ವಂತೆ, ಇಟ್ಟದ್ದು ಕಾಣಲ್ವಂತೆ. ಪೂಜಾರಿ ಆ ಬೆಟ್ಟಕ್ಕೇ ಹೋಗಿ, ಬಾ ಬಾ ಅಂತ ಕರೆದ ಮೇಲೇನೇ ತಿಂದಿದ್ದು. ಅಲ್ಲೀವರೆಗೂ ಪಾಪ, ಹಸ್ಕೊಂಡೇ ಅಲೀತಿದ್ರು."

ಒಳಗೆ ಯಾರೋ ಗಿರಾಕಿ ಕೂಗಿದ. ಅವಳು ಹೋದಳು.

ಅಮ್ಮ ಅಲುಗಲಿಲ್ಲ. ಕೀಲುಂಗ್‌ನಿಂದ ಇಲ್ಲಿಯವರೆಗೆ ಒಂದೊಂದೇ ಕೂಡಿಟ್ಟುಕೊಂಡು ಬಂದಿದ್ದ ಇಲ್ಲಗಳೆಲ್ಲ ಅವಳ ಮುಖದಲ್ಲಿ ತಿರುಗುಮುರುಗಾಗುವುದನ್ನು ನಾನು ನೋಡಿದೆ. ಆ ಅಂಗಡಿಯವಳ ಮೇಲೆ ನನಗೆ ಕೊಲ್ಲುವಷ್ಟು ಸಿಟ್ಟು ಬಂತು.

"ಅವಳ ಮಾತು ಬಿಡಮ್ಮ. ಏಳು, ರೈಲಿಗೆ ಹೊತ್ತಾಯ್ತು."

"ನಾನು ಅವನ ಎದುರಿಗೇ ತಿಂದ್ನಲ್ಲೇ," ಎಂದಳು ಅಮ್ಮ. "ಅವನು ಹಸ್ಕೊಂಡು ನಿಂತಿದ್ರೆ? ನಾನು ನಗ್ತಾ ನಗ್ತಾ ಎರಡೆರಡು ಬಟ್ಟಲು ತಿಂದೆ."

ಅವಳು ಇನ್ನೊಂದು ಊದುಬತ್ತಿ ಹಚ್ಚಿಸಿಕೊಂಡಳು. ಈ ಸಲ ಕರೆದ ಧ್ವನಿ ಬೇರೆ. ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವಂತೆ ಕರೆದಳು.

"ಬಾರೋ ಚಿನ್‌ಚಾಯ್. ನಾನು ಕಣೋ, ಅಮ್ಮ. ಇಲ್ಲಿದೀನಿ, ಈ ಗೋಡೆ ಹತ್ರ. ಶೇಂಗಾ ಜಾಸ್ತಿ ಹಾಕ್ಸಿದೀನಿ. ತಿನ್ನಪ್ಪಾ, ಒಂದೇ ಒಂದು ತುತ್ತು."

ನಾಣ್ಯ ಎಸೆದಳು. ಎರಡೂ ತಲೆ. ಇಲ್ಲ ಎಂದೆ. ಮತ್ತೆ ಕರೆದಳು, ಮತ್ತೆ ಎಸೆದಳು. ಇಲ್ಲ. ದಾರಿಹೋಕರು ನಿಂತು ನೋಡುತ್ತಿದ್ದರು. ಬಟ್ಟಲಿನಲ್ಲಿ ತಾವ್‌ಹುವೆ ಒಡೆದು ನೀರು ಬಿಟ್ಟಿತ್ತು.

"ತಿನ್ನೋ," ಎಂದು ಅಮ್ಮ ಗದರಿದಳು. "ಹಟ ಮಾಡ್ಬೇಡ."

ಇನ್ನು ಹೇಗೆ ಬಿದ್ದರೂ ಹೌದು ಎಂದುಬಿಡಬೇಕೆಂದು ನಾನು ನಿರ್ಧರಿಸಿದ್ದೆ. ಸುಳ್ಳು ಬೇಕಾಗಲಿಲ್ಲ. ಅಮ್ಮ ಎಸೆದಾಗ ಒಂದು ನಾಣ್ಯ ಬಟ್ಟಲಿನ ಬುಡಕ್ಕೆ ತಾಗಿ ಮಲಗಿತು, ಇನ್ನೊಂದು ಸ್ವಲ್ಪ ಉರುಳಿ ಬಿತ್ತು. ಒಂದು ತಲೆ, ಒಂದು ಅಂಕಿ.

"ಹೌದು," ಎಂದೆ. "ಅಮ್ಮ, ತಿಂದ."

"ತಿಂದ್ನಾ? ಸರಿಯಾಗಿ ನೋಡು."

"ನೋಡ್ದೆ. ತಿಂದ."

ಅಮ್ಮನ ಭುಜ ಇಳಿಯಿತು. "ತಿಂದ," ಎಂದು ಅಂಗಡಿಯ ಒಳಗೆ ಕೇಳಿಸುವಂತೆ ಹೇಳಿದಳು. "ಹೊಟ್ಟೆಗೆ ಬಿತ್ತು. ನನ್ನ ಮಗ ತಿಂದ." ಅವಳು ನಗುತ್ತಿದ್ದಳು. ಮನೆಯಿಂದ ಹೊರಟ ದಿನದಿಂದ ನಾನು ಬಯಸಿದ್ದ ಹೌದು ಅದು. ಸಿಕ್ಕಿದ ಗಳಿಗೆಯಲ್ಲಿ ಅದು ನನಗೆ ಬೇಡವಾಯಿತು.

ಅಮ್ಮ ನಗುತ್ತಲೇ ಚಮಚಕ್ಕೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದಳು.

"ಅ-ಬೀ," ಎಂದಳು. "ತಿನ್ನು ತಿನ್ನು ಅಂತ ನಾನೇನು ಬೇಡ್ಕೊಂಡ್ಬಿಟ್ಟೆ?"