ಬೆನ್ನ ಕಡೆಯ ಎರಡು ಪಕ್ಕೆಲುಬು

ಹೆಡತಲೆ ಗ್ರಾಮದ ಶಿವಮಲ್ಲಪ್ಪ ಸೋಮವಾರ ಬಂತೆಂದರೆ ನಂಜನಗೂಡಿಗೆ ಹೊರಡುತ್ತಿದ್ದ. ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗುತ್ತಾನೆ, ಮಗನನ್ನು ಕಳೆದುಕೊಂಡ ಮೇಲೆ ಭಕ್ತಿ ಇನ್ನೂ ಹೆಚ್ಚಿದೆ ಎಂದು ಊರಿನವರು ಮಾತಾಡಿಕೊಳ್ಳುತ್ತಿದ್ದರು. ಅದು ಸುಳ್ಳೇನಲ್ಲ. ಕಪಿಲೆಯಲ್ಲಿ ಕಾಲು ತೊಳೆದು, ದೇವರ ಮುಂದೆ ನಿಂತು, ಬೇರೆಯವರು ಶಾಂತಿ ಬೇಡುವ ಜಾಗದಲ್ಲಿ ಅವನು ಒಂದೇ ಮಾತು ಬೇಡುತ್ತಿದ್ದ: ನನ್ನ ಮಗನ ಎದೆ ಮುರಿದವನನ್ನು ನನ್ನ ಕಣ್ಣೆದುರೇ ಮುರಿ. ಆಮೇಲೆ ವಿಭೂತಿ ಹಚ್ಚಿಕೊಂಡು ಅಲ್ಲಿಂದ ನೇರವಾಗಿ ವನಜಾಕ್ಷಿ ಡಾಕ್ಟರ ಮನೆಗೆ ನಡೆಯುತ್ತಿದ್ದ, ಪಕ್ಕೆಲುಬಿನ ಪಾಠ ಹೇಳಿಸಿಕೊಳ್ಳಲು.

ವನಜಾಕ್ಷಿ ಡಾಕ್ಟರು ರೋಗಿಗಳನ್ನು ನೋಡಿದವರಲ್ಲ. ವೈದ್ಯ ಕಲಿಯುವ ಹುಡುಗರಿಗೆ ದೇಹದ ರಚನೆಯನ್ನು ಕಲಿಸಿ ನಿವೃತ್ತರಾದವರು. ಅವರ ಹಜಾರದ ಮೂಲೆಯಲ್ಲಿ ಒಂದು ಕಬ್ಬಿಣದ ಕೋಲಿಗೆ ಮನುಷ್ಯನ ಎದೆಗೂಡನ್ನು ತಗುಲಿಹಾಕಿದ್ದರು. ನಿಜವಾದ ಮೂಳೆಗಳು. ಮೊದಲ ದಿನ ಶಿವಮಲ್ಲಪ್ಪ ಅದನ್ನು ಕಂಡವನೇ ಮೆಟ್ಟು ಹೊರಗೆ ಬಿಟ್ಟು ಬಂದು ಕೈಮುಗಿದ. ಯಾರೋ ತಾಯಿ ಹೆತ್ತ ಜೀವ. ಡಾಕ್ಟರು ನಗಲಿಲ್ಲ. ನಿಮಗೆ ಏನು ತಿಳಿಯಬೇಕು ಎಂದು ಕೇಳಿದರು. ಅವನಿಗೆ ತಿಳಿಯಬೇಕಾಗಿದ್ದುದು ಇಷ್ಟೇ: ಎಡಗಡೆಯ ಬೆನ್ನಿನ ಎರಡು ಪಕ್ಕೆಲುಬು ಹೇಗೆ ಮುರಿಯುತ್ತವೆ?

ನಡೆದದ್ದು ಹೀಗೆ. ಶಿವಮಲ್ಲಪ್ಪನ ಒಬ್ಬನೇ ಮಗ ಬಸವಪ್ರಸಾದ, ತಂಗಿಯ ಮಗ ಅಮೃತೇಶ, ಇಬ್ಬರೂ ಜೊತೆಗೂಡಿ ಬಾಳೆಕಾಯಿ ವ್ಯಾಪಾರ ಮಾಡುತ್ತಿದ್ದರು. ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ ತಿರುಮಕೂಡಲು ನರಸೀಪುರದ ಮಂಡಿಯಲ್ಲಿ ಲಾರಿ ತುಂಬುವಾಗ ಅಮೃತೇಶ ಬಲಿತು ಹಣ್ಣಾಗತೊಡಗಿದ ಗೊನೆಗಳನ್ನು ಅಡಿಗೆ ಹಾಕಿ ಕಾಯಿಗೊನೆಗಳನ್ನು ಮೇಲೆ ಹೇರಿಸಿದ್ದ. ಬಸವಪ್ರಸಾದ ಅದನ್ನು ನೋಡಿ, ಆಳುಗಳೆಲ್ಲ ಕೇಳುವಂತೆ, 'ಗೊನೆ ಜೋಡ್ಸಕ್ಕೆ ಬರ್ದೋನ್ಗೆ ಹೆಣ್ಣು ಯಾರ್ಲಾ ಕೊಟ್ಟಾರು' ಎಂದು ಹಂಗಿಸಿದ. ಅಮೃತೇಶನ ಮದುವೆ ಆಗ ತಾನೇ ಮುರಿದುಬಿದ್ದಿತ್ತು. ಕೈ ಕೈ ಸೇರಿತು. ಬಸವಪ್ರಸಾದ ಬಿದ್ದ. ಎದೆ ಒತ್ತಿದರು, ನೀರು ಚಿಮುಕಿಸಿದರು, ಹತ್ತಿರದ ಡಾಕ್ಟರೊಬ್ಬರ ಹತ್ತಿರ ಹೊತ್ತುಕೊಂಡು ಹೋದರು. ಹೃದಯ ನಿಂತಿದೆ ಎಂದರು ಅವರು. ಅಮೃತೇಶನೇ ಅಳುತ್ತ ಹೆಣವನ್ನು ತಂದು ಮನೆಯ ಮುಂದೆ ಇಳಿಸಿದ. ಹೊಡೆದಾಟದ ಮಾತೆತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಮಂಡಿಯ ಆಳು ಸಣ್ಣಯ್ಯ ಬಂದು, 'ಅಮೃತೇಶಪ್ಪ ಒಡೆದ್ರು ಸಾ, ನಾನು ಕಂಡೆ' ಎಂದ. ಪೊಲೀಸರು ಬಂದರು, ಹೆಣವನ್ನು ಕೊಯ್ದು ನೋಡಿದರು. ಬೆನ್ನ ಕಡೆ, ಎಡಭಾಗದಲ್ಲಿ, ಎರಡು ಪಕ್ಕೆಲುಬು, ಎಂಟನೆಯದು, ಒಂಬತ್ತನೆಯದು, ಮುರಿದಿದ್ದವು. ಕೇಸಾಯಿತು.

ವಿಚಾರಣೆಗೆ ಬರುವ ಹೊತ್ತಿಗೆ ಸಣ್ಣಯ್ಯ ಮಾತು ತಿರುಗಿಸಿದ. ತಳ್ಳಾಡಿದ್ದನ್ನು ಕಂಡೆ, ಹೊಡೆದದ್ದನ್ನು ಕಾಣಲಿಲ್ಲ ಎಂದ. ಇನ್ನು ಕೇಸು ನಿಂತಿರುವುದೇ ಆ ಎರಡು ಎಲುಬಿನ ಮೇಲೆ ಎಂದರು ಸರ್ಕಾರಿ ವಕೀಲರು. ಉಸಿರು ಬರಿಸಲು ಎದೆ ಒತ್ತಿದಾಗ ಮುರಿದವು ಎನ್ನುವುದು ಅಮೃತೇಶನ ಕಡೆಯ ವಾದ. ಇದು ನಿಜವೇ ಎಂದು ಕೇಳಲು ಶಿವಮಲ್ಲಪ್ಪ ವನಜಾಕ್ಷಿ ಡಾಕ್ಟರ ಮನೆ ಹುಡುಕಿಕೊಂಡು ಹೋಗಿದ್ದ.

ಡಾಕ್ಟರು ಎದೆಗೂಡನ್ನು ಬೆಳಕಿಗೆ ತಿರುಗಿಸಿ ತೋರಿಸಿದರು. ಹನ್ನೆರಡು ಜೊತೆ ಎಲುಬು. ಮೇಲಿನ ಏಳು ಜೊತೆ ಮುಂದೆ ಬಂದು ಮೆತ್ತನೆಯ ಮೂಳೆಯ ಮೂಲಕ ನೇರವಾಗಿ ಎದೆಮೂಳೆಗೆ ಕೂಡುತ್ತವೆ. ಕೆಳಗಿನ ಮೂರು ತಮ್ಮ ಮೇಲಿನದನ್ನು ಹಿಡಿದುಕೊಂಡು ನಿಲ್ಲುತ್ತವೆ. ಕೊನೆಯ ಎರಡು ಮುಂದೆ ಯಾವುದಕ್ಕೂ ಅಂಟದೆ ಮಾಂಸದಲ್ಲೇ ಉಳಿಯುತ್ತವೆ. ಎಲುಬು ಎಲುಬಿನ ನಡುವೆ ಮೂರು ಪದರ ಸ್ನಾಯು. ಪ್ರತಿ ಎಲುಬಿನ ಕೆಳ ಅಂಚಿನಲ್ಲಿ ಒಂದು ಸಣ್ಣ ತೋಡು, ಅದರೊಳಗೆ ರಕ್ತನಾಳವೂ ನರವೂ ಅವಿತುಕೊಂಡು ಹೋಗುತ್ತವೆ. ಉಸಿರೆಳೆದಾಗ ಇಡೀ ಗೂಡು ಬಕೆಟ್ಟಿನ ಹಿಡಿ ಎತ್ತಿದಂತೆ ಮೇಲಕ್ಕೂ ಹೊರಕ್ಕೂ ಏಳುತ್ತದೆ. ಎದೆ ಒತ್ತಿದಾಗ ಮುರಿಯುವುದು ಸಾಮಾನ್ಯವಾಗಿ ಮುಂಭಾಗ, ಬೆನ್ನುಮೂಳೆಯ ಪಕ್ಕದಲ್ಲಲ್ಲ ಎಂದರು ಡಾಕ್ಟರು.

ಆ ದಿನ ಶಿವಮಲ್ಲಪ್ಪ ಮನೆಗೆ ಬಂದು ಹೊಟ್ಟೆ ತುಂಬ ಉಂಡ. ಮಗ ಸತ್ತ ಮೇಲೆ ಹಾಗೆ ಉಂಡದ್ದು ಅದೇ ಮೊದಲು. ಅಂದಿನಿಂದ ಪೂಜೆಗೆ ಕುಳಿತು ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡಾಗಲೂ ಅವನ ಮನಸ್ಸು ಅಮೃತೇಶನ ಎದೆಗೂಡಿನಲ್ಲಿರುತ್ತಿತ್ತು. ಮೇಲಿನಿಂದ ಕೆಳಕ್ಕೆ ಒಂದೊಂದೇ ಎಲುಬನ್ನು, ಅದರ ಜಾಗ ತಿಳಿದು, ಮುರಿಯುತ್ತ ಬರುತ್ತಿದ್ದ. ಕೊನೆಯವೆರಡು ಯಾವುದಕ್ಕೂ ಅಂಟದೆ ಇರುವುದರಿಂದ ಅವನ್ನು ಮುರಿಯುವುದು ಹೇಗೆ ಎಂದು ಯೋಚಿಸುತ್ತ ಕೂತದ್ದೂ ಉಂಟು.

ಇನ್ನೊಂದು ಸೋಮವಾರ ಅವನು, ಬೆನ್ನಿನ ಎಲುಬು ಮುರಿಯಬೇಕಾದರೆ ಕಾಲಿನಿಂದ ಎಷ್ಟು ಜೋರಾಗಿ ಒದ್ದಿರಬೇಕು ಎಂದು ಕೇಳಿದ. ಡಾಕ್ಟರು ಅವನ ಹಣೆಯ ವಿಭೂತಿಯನ್ನು ನೋಡಿದರು.

'ಶಿವಮಲ್ಲಪ್ಪನವರೇ, ನಿಮ್ಮಲ್ಲಿ ಸತ್ತವರನ್ನ ಕೂರಿಸ್ತೀರಲ್ಲ? ಪೊಲೀಸರು ಬರೋಕೆ ಮುಂಚೆ ಕೂರಿಸಿದ್ರಾ?'

ಕೂರಿಸಿದ್ದರು. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸಿಡುವುದಿಲ್ಲ. ಕಾಲು ಮಡಿಸಿ, ಗೋಡೆಗೆ ಒರಗಿಸಿ, ಪೂಜೆಗೆ ಕುಳಿತವರಂತೆ ಕೂರಿಸುತ್ತಾರೆ. ಹಾಗೆಯೇ ಸಮಾಧಿಗೂ ಇಳಿಸುತ್ತಾರೆ. ಜೀವ ಹೋದ ಕೂಡಲೇ, ಮೈ ಮೆತ್ತಗಿರುವಾಗಲೇ ಈ ಕೆಲಸ ಆಗಬೇಕು. ಅಂದು ಹೆಣ ಮನೆಗೆ ಬಂದದ್ದೇ ದೀಪ ಹಚ್ಚುವ ಹೊತ್ತಿಗೆ. ಅದರ ಮೇಲೆ ಕವಲಂದೆಯಿಂದ ಕ್ರಿಯೆ ಮಾಡಿಸುವ ಅಯ್ಯನವರು ಬರಲಿ ಎಂದು ಕಾದರು. ಅಷ್ಟರಲ್ಲಿ ಮೈ ಮರದಂತೆ ಸೆಟೆದುಕೊಂಡಿತ್ತು. ನೆಂಟರು ಹೇಗೋ ಕಾಲು ಮಡಿಸಿದರು, ಬೆನ್ನು ಮಾತ್ರ ನೆಟ್ಟಗೆ ನಿಲ್ಲಲೊಲ್ಲದು. ಮಗ ಅಡ್ಡಾದಿಡ್ಡಿ ಕೂತು ಶಿವನ ಹತ್ತಿರ ಹೋಗಬಾರದು ಎಂದು ಶಿವಮಲ್ಲಪ್ಪನೇ ಹಿಂದೆ ಹೋದ. ಪಂಚೆಯನ್ನು ಎದೆಗೆ ಸುತ್ತಿ, ಎರಡು ತುದಿಯನ್ನೂ ಗೋಡೆಯ ಗೂಟಕ್ಕೆ ಹಾಯಿಸಿ ಹಿಡಿದು, ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದ. ಒಣಗಿದ ತೊಗರಿಕಡ್ಡಿ ಮುರಿದಂಥ ಸದ್ದಾಯಿತು. ಗೂಟ ಸಡಿಲಿತೆಂದುಕೊಂಡು ಇನ್ನಷ್ಟು ಎಳೆದು ಕಟ್ಟಿದ್ದ.

ಇದನ್ನೆಲ್ಲ ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಡಾಕ್ಟರು ಎದೆಗೂಡಿನ ಬೆನ್ನನ್ನು ಅವನ ಕಡೆಗೆ ತಿರುಗಿಸಿ, ಮೊಣಕಾಲು ಎಲ್ಲಿತ್ತು ಎಂದು ಕೇಳಿದರು. ಅವನು ಬೆರಳಿಟ್ಟು ತೋರಿಸಿದ. ಎಡಗಡೆ, ಎಂಟನೆಯದು, ಒಂಬತ್ತನೆಯದು. ಕಲಿತ ಪಾಠವಾದ್ದರಿಂದ ಎಣಿಸಬೇಕಾಗಲಿಲ್ಲ.

'ಅಂಗಾದ್ರೆ ಅವ್ನು ಏನೂ ಮಾಡ್ನಿಲ್ವಾ, ತಾಯಿ?'

'ನಾನು ಹಾಗೆ ಹೇಳಲಿಲ್ಲ' ಎಂದರು ಡಾಕ್ಟರು. 'ಸಾಯೋದಕ್ಕೆ ಎಲುಬು ಮುರೀಲೇಬೇಕು ಅಂತಿಲ್ಲ. ಇಲ್ಲಿ, ಎದೆಮೂಳೆಯ ಎಡ ಮಗ್ಗುಲಲ್ಲಿ, ಹೃದಯದ ಮೇಲೆ ಸರಿಯಾದ ಗಳಿಗೇಲಿ ಒಂದು ಗುದ್ದು ಬಿದ್ದರೆ ಹೃದಯ ನಿಂತುಹೋಗಬಹುದು. ಒಂದು ಮೂಳೆಯೂ ಮುರಿದಿರೋದಿಲ್ಲ. ಕೊಯ್ದು ನೋಡಿದರೂ ಗುರುತು ಸಿಗದೇ ಇರಬಹುದು. ಬಹಳ ಅಪರೂಪ. ಹುಡುಗನ ಹೃದಯ ತಾನಾಗಿ ನಿಂತಿರಲೂಬಹುದು. ಇವೆರಡರಲ್ಲಿ ಯಾವುದು ಅಂತ ನಾನು ಹೇಳಲಾರೆ.'

ಮನೆಗೆ ಬಂದು ಹೆಂಡತಿ ರುದ್ರಾಣಿಗೆ ಎಲ್ಲವನ್ನೂ ಹೇಳಿದ. ಅವಳು ಒಲೆಯ ಮುಂದೆ ಕೂತು ಕೇಳಿದಳು.

'ಕೂರ್ಸ್ನಿಲ್ಲ, ಮಲಗ್ಸಿದ್ದೋ ಅಂದ್ಬುಡಿ' ಎಂದಳು. 'ನಾನೂ ಅದ್ನೇ ಯೋಳ್ತೀನಿ. ನೆಂಟ್ರೂ ಯೋಳ್ತಾರೆ. ಅವ್ನು ಒಳಗೋದ್ರೆ ಸಾಕು ನಂಗೆ.'

ಶಿವಮಲ್ಲಪ್ಪನಿಗೆ ಸುಳ್ಳಿನ ಭಯವಿರಲಿಲ್ಲ. ಈ ಒಂದು ಸುಳ್ಳಿಗಾಗಿ ಎಷ್ಟು ಜನ್ಮ ಬೇಕಾದರೂ ಎತ್ತಿ ಬರುತ್ತೇನೆಂದು ದೇವರಿಗೇ ಹೇಳಿದ್ದ. ಆದರೆ ದಿನ ಹೋದಂತೆ ಬೇರೊಂದು ಯೋಚನೆ ಅವನನ್ನು ಕೊರೆಯತೊಡಗಿತು. ಅಮೃತೇಶನಿಗೆ ಗೊತ್ತು, ಅವನು ಬೆನ್ನಿಗೆ ಕೈಹಾಕಿದವನಲ್ಲ. ಆ ಎಲುಬಿಗಾಗಿ ಜೈಲಿಗೆ ಹೋದರೆ ಅವನು ಮೋಸ ಹೋದವನಾಗುತ್ತಾನೆ, ನಿರಪರಾಧಿಯಾಗುತ್ತಾನೆ. ಕಂಬಿಯ ಹಿಂದೆ ಕೂತು ಬಸವಪ್ರಸಾದನಿಗಾಗಿ ಅಳುವುದನ್ನು ಬಿಟ್ಟು ತನಗಾಗಿ ಅಳುತ್ತಾನೆ.

ಕೋರ್ಟಿಗೆ ಹೊರಡುವ ಮುಂಚೆ ಅವನು ಹೆಂಡತಿಗೆ ಹೇಳಿದ: 'ಆ ಎಲುಬು ಮುರ್ದೋನು ನಾನು ಕಣೆ. ನನ್ ಕೆಲಸಕ್ಕೆ ಅವ್ನು ಜೈಲ್ಗೋದ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ. ಅವ್ನು ಮಾಡಿದ್ದು ಅವ್ನ್ ತಲೆ ಮೇಲೇ ಇರ್ಬೇಕು.'

ರುದ್ರಾಣಿ ಮುಖ ತಿರುಗಿಸಿದಳು. ಅಂದಿನಿಂದ ಗಂಡನೊಡನೆ ಮಾತು ಬಿಟ್ಟಳು. ಊಟ ಬಡಿಸುವಳು, ಪೂಜೆಗೆ ಹೂವು ಇಡುವಳು, ತುಟಿ ಮಾತ್ರ ಬಿಚ್ಚಳು.

ಮೈಸೂರಿನ ಕೋರ್ಟಿನಲ್ಲಿ ಅಮೃತೇಶನ ವಕೀಲರು ಏನೇನೋ ಕೇಳಿ, ಕೊನೆಗೆ ಶವವನ್ನು ನೀವು ಹೇಗೆ ಇಟ್ಟಿದ್ದಿರಿ ಎಂದರು. ಶಿವಮಲ್ಲಪ್ಪ ಕಟಕಟೆಯನ್ನು ಹಿಡಿದು ನಿಂತು, ಹೆಣ ಬಂದ ಹೊತ್ತು, ಸೆಟೆದ ಮೈ, ಪಂಚೆ, ಮೊಣಕಾಲು, ಸದ್ದು, ಯಾವುದನ್ನೂ ಬಿಡದೆ ಹೇಳಿದ. ಸರ್ಕಾರಿ ವಕೀಲರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಎದುರಿಗೆ ನಿಂತಿದ್ದ ಅಮೃತೇಶ ಬಾಯಿ ತೆರೆದುಕೊಂಡು ಮಾವನನ್ನೇ ನೋಡುತ್ತಿದ್ದ. ತೀರ್ಪಿನ ದಿನ ಅವನ ಬಿಡುಗಡೆಯಾಯಿತು.

ಅವತ್ತು ರುದ್ರಾಣಿಯೂ ಬಂದಿದ್ದಳು. ಅವಳು ಗಂಡನಿಗೆ ಕಾಯದೆ ನಂಜನಗೂಡಿನ ಬಸ್ಸು ಹಿಡಿಯಲು ಮುಂದೆ ನಡೆದಳು. ಶಿವಮಲ್ಲಪ್ಪ ಕೋರ್ಟಿನ ಆವರಣದ ಮರದ ಕೆಳಗೆ ನಿಂತ. ಅಮೃತೇಶ ಬರುತ್ತಾನೆಂದು ಅವನಿಗೆ ಗೊತ್ತಿತ್ತು. ಬಂದ. ಬಂದವನೇ ಕಾಲಿಗೆ ಬಿದ್ದ. ಗೇಟು ದಾಟುತ್ತಿದ್ದ ರುದ್ರಾಣಿ ಒಮ್ಮೆ ತಿರುಗಿ ನೋಡಿದಳು.

'ನೀವು ದೇವ್ರು ಮಾವ' ಎಂದು ಬಿಕ್ಕಿದ. 'ಅವ್ನ ಬೆನ್ನು ಮುಟ್ಟಿದ್ರೆ ನನ್ ಕೈ ಸೇದೋಗ್ಲಿ. ಈ ಎರಡು ವರ್ಷ ನಾನು ನಿದ್ದೆ ಮಾಡಿಲ್ಲ. ಸಿಟ್ನಲ್ಲಿ ಒಂದೇಟು ಗುದ್ದಿದ್ದು ದಿಟ. ಅಷ್ಟಕ್ಕೆ ಯಾರಾದ್ರೂ ಸಾಯ್ತಾರಾ?'

ಶಿವಮಲ್ಲಪ್ಪ ಅವನನ್ನು ತೋಳು ಹಿಡಿದು ಎಬ್ಬಿಸಿದ. ದನಿ ಮೆತ್ತಗಿತ್ತು.

'ಎಲ್ಲಿ ಗುದ್ದಿದೆ ಮಗ? ತೋರ್ಸು.'

ಅಮೃತೇಶ ಕಣ್ಣೊರೆಸಿಕೊಂಡು, ಮುಷ್ಟಿ ಕಟ್ಟಿ, ತನ್ನ ಎದೆಯ ಮೇಲೆ ಇಟ್ಟು ತೋರಿಸಿದ. ಎದೆಮೂಳೆಯ ಎಡ ಮಗ್ಗುಲು.

ಶಿವಮಲ್ಲಪ್ಪ ಆ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು ಅದನ್ನು ಅಲ್ಲೇ ಒತ್ತಿ ಹಿಡಿದ. ಆಮೇಲೆ, ಮಗುವಿಗೆ ಪಾಠ ಹೇಳುವವನಂತೆ, ಡಾಕ್ಟರು ಹೇಳಿದ್ದನ್ನು ಹೇಳಿದ. ಸಾಯುವುದಕ್ಕೆ ಎಲುಬು ಮುರಿಯಬೇಕಾಗಿಲ್ಲ. ಅದರ ಹಿಂದೆಯೇ ಹೃದಯ. ಆ ಜಾಗದಲ್ಲಿ ಒಂದು ಗುದ್ದು ಬಿದ್ದರೆ ಸಾಕು, ನಿಂತುಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ಕೋರ್ಟಿಗೆ ಅದು ಕಾಣುವುದಿಲ್ಲ. ನಿನಗೂ ನನಗೂ ಮಾತ್ರ ಗೊತ್ತು. ಡಾಕ್ಟರು ಹೇಳಿದ ಉಳಿದ ಮಾತನ್ನು, ಅಪರೂಪವೆಂದದ್ದನ್ನು, ತಾನಾಗಿ ನಿಂತಿರಲೂಬಹುದು ಎಂದದ್ದನ್ನು, ಅವನು ಹೇಳಲಿಲ್ಲ.

'ನೀನೇ ಕೊಂದದ್ದು ಕಣಪ್ಪಾ' ಎಂದ. 'ನಿಂಗೆ ಗೊತ್ತಿರ್ನಿಲ್ಲ. ಈಗ ಗೊತ್ತಾಯ್ತು. ಮನೆಗೋಗು.'

ಅವನು ತನ್ನ ಕೈ ತೆಗೆದ ಮೇಲೂ ಅಮೃತೇಶನ ಮುಷ್ಟಿ ಎದೆಯ ಮೇಲಿಂದ ಇಳಿಯಲಿಲ್ಲ. ಅವನ ಅಣ್ಣ ಹೂವಿನ ಹಾರ ಹಿಡಿದು ನಗುತ್ತ ಬಂದು ಹೆಸರು ಹಿಡಿದು ಕೂಗಿದ. ಅದೂ ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

ಬಸ್ಸಿನಲ್ಲಿ ರುದ್ರಾಣಿ ಕಿಟಕಿಯ ಕಡೆ ಕೂತು, ಪಕ್ಕದ ಜಾಗದ ಮೇಲೆ ಕೈಚೀಲವಿಟ್ಟಿದ್ದಳು. ಶಿವಮಲ್ಲಪ್ಪ ಕಂಬಿ ಹಿಡಿದು ನಿಂತುಕೊಂಡ. ಬಸ್ಸು ಊರು ದಾಟುವವರೆಗೂ ಅವಳು ಹೊರಗೇ ನೋಡುತ್ತಿದ್ದಳು. ಆಮೇಲೆ, ತಿರುಗದೆಯೇ, ಆ ಮರದ ಕೆಳಗೆ ಅವನಿಗೆ ಏನು ಹೇಳಿದಿರಿ ಎಂದು ಕೇಳಿದಳು. ಅವನು ಬಗ್ಗಿ, ಅಕ್ಕಪಕ್ಕದವರಿಗೆ ಕೇಳಿಸದಂತೆ, ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಒಪ್ಪಿಸಿದ.

ರುದ್ರಾಣಿ ಕೈಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಗಂಡನಿಗೆ ಜಾಗ ಬಿಟ್ಟಳು.